ಏಳನೇ ಸಾಲು ನಿಂತ ವರ್ಷ

ಏಳನೇ ಸಾಲಿನ ನೆಲ ನಿಂತಿದೆ ಅಂತ ಊರಿಗೆ ಮೊದಲು ಹೇಳಿದವನು ನಾನೇ. ಬೇರೆ ಯಾರಾದರೂ ಹೇಳಿದ್ದರೆ ಜನ ನಂಬುತ್ತಿದ್ದರೋ ಇಲ್ಲವೋ. ಬಡಗಿ ಕಾಳಾಚಾರಿ ಹೇಳಿದ ಅಂದಮೇಲೆ ಎದುರು ಮಾತಾಡುವವರು ಯಾರೂ ಇರಲಿಲ್ಲ. ಯಾವ ಮನೆ ಎಷ್ಟು ನಡೆದಿದೆ ಅನ್ನುವುದು ನಮ್ಮೂರಲ್ಲಿ ಆ ಮನೆಯವರಿಗಿಂತ ಮೊದಲು ಬಡಗಿಗೆ ಗೊತ್ತಾಗುತ್ತಿತ್ತು.

ನಮ್ಮದು ಇಳಿಜಾರಿನ ಊರು. ಮೇಲಿನಿಂದ ಕೆಳಗೆ ಏಳು ಸಾಲು ಮನೆ. ಏಳನೇ ಸಾಲಿನಾಚೆ ಕಮರಿ, ಅದರ ತಳದಲ್ಲಿ ಹೊಳೆ. ಹೊಳೆ ಕಾಣುವುದಿಲ್ಲ, ಸದ್ದು ಮಾತ್ರ ಮೇಲೆ ಬರುತ್ತದೆ. ದಿನಕ್ಕೆ ಒಂದು ಅಕ್ಕಿಕಾಳಿನ ಅಗಲದಷ್ಟು ಊರು ಕೆಳಕ್ಕೆ ನಡೆಯುತ್ತದೆ. ಹನ್ನೆರಡು ವರ್ಷಕ್ಕೆ ಒಂದು ಸಾಲು ಅದರ ಕೆಳಗಿನ ಸಾಲಿನ ಜಾಗಕ್ಕೆ ಬರುತ್ತದೆ, ಏಳನೇ ಸಾಲು ಕಮರಿಯ ಅಂಚಿಗೆ ಬಂದಿರುತ್ತದೆ. ಅದನ್ನು ಹೊರುವ ವರ್ಷ ಅನ್ನುತ್ತೇವೆ. ಆ ಸಾಲಿನ ಹನ್ನೊಂದು ಮನೆಗಳನ್ನೂ ಬಿಚ್ಚಿ, ಕಂಬ ತೊಲೆ ಹೆಂಚುಗಳನ್ನೆಲ್ಲ ಹೆಗಲ ಮೇಲೆ ಹೊತ್ತು, ಊರ ನೆತ್ತಿಯಲ್ಲಿ ಮೊದಲ ಸಾಲು ಬಿಟ್ಟುಹೋದ ಜಾಗದಲ್ಲಿ ಮತ್ತೆ ನಿಲ್ಲಿಸುತ್ತೇವೆ. ಏಳನೆಯದು ಒಂದನೆಯದಾಗುತ್ತದೆ. ಹುಟ್ಟಿದ ಸಾಲಿಗೆ ಮತ್ತೆ ಮನೆ ಬಂದದ್ದನ್ನು ಕಂಡವರು ಊರಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಹೊಸ ಮದುಮಕ್ಕಳು ಹೋಗಿ ಅವರ ಕಾಲಿಗೆ ಬೀಳುತ್ತಾರೆ.

ಬಿಚ್ಚಿ ಕಟ್ಟುವ ಮನೆಯಾದ್ದರಿಂದ ನಮ್ಮಲ್ಲಿ ಕಬ್ಬಿಣದ ಮೊಳೆ ಹೊಡೆಯುತ್ತಿರಲಿಲ್ಲ, ಎಲ್ಲಾ ಮರದ ಬೆಣೆ. ಸಿಮೆಂಟು ತರುತ್ತಿರಲಿಲ್ಲ. ನಲ್ಲಿಗೆ ರಬ್ಬರ್ ಪೈಪು. ಹೊರುವ ವರ್ಷ ಬಂದರೆ ಏಳನೇ ಸಾಲಿಗೆ ಹೆಣ್ಣು ಕೊಡುತ್ತಿರಲಿಲ್ಲ, ಮೇಲೆ ಹತ್ತಿದ ಮೇಲೆ ಮಾತಾಡೋಣ ಅನ್ನುತ್ತಿದ್ದರು. ಮನೆ ಬಿಚ್ಚುವ ದಿನ ಬಡಗಿ ಮೊದಲು ನಡುತೊಲೆಯ ಬೆಣೆ ಕೀಳಬೇಕು. ಅದು ಕಿತ್ತ ಮೇಲೆ ಆ ಮನೆಯಲ್ಲಿ ಒಲೆ ಉರಿಯುವಂತಿಲ್ಲ, ಯಾರೂ ಒಳಗೆ ಕೂರುವಂತಿಲ್ಲ. ಉಕ್ಕುತ್ತಿರುವ ಹಾಲನ್ನೂ ಬಿಟ್ಟು ಎದ್ದು ಬರಬೇಕು. ನನ್ನ ಅಜ್ಜನ ಕಾಲದಿಂದಲೂ ಹಾಗೇ.

ನೆಲ ನಡೆದಂತೆ ಬಾಗಿಲ ಚೌಕಟ್ಟು ಸೊಟ್ಟಗಾಗುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ನಾನು ಹೋಗಿ ಕೀಸಿ ಸರಿಮಾಡಬೇಕು. ಅದು ಹೊರುವ ವರ್ಷ. ಆ ವರ್ಷ ಶ್ರಾವಣದಿಂದ ದೀಪಾವಳಿಯವರೆಗೆ ಏಳನೇ ಸಾಲಿನ ಒಂದು ಮನೆಯಿಂದಲೂ ನನಗೆ ಕರೆ ಬರಲಿಲ್ಲ. ಆ ಸಾಲಿನ ಮೂರನೇ ಮನೆ ನನ್ನ ತಂಗಿ ನೀಲವ್ವನದು. ಒಂದು ದಿನ ಊಟಕ್ಕೆ ಹೋದಾಗ ಅವಳ ಬಾಗಿಲನ್ನು ಒಂದೇ ಬೆರಳಲ್ಲಿ ತಳ್ಳಿದೆ. ಸದ್ದಿಲ್ಲದೆ ತೆರೆದುಕೊಂಡಿತು.

ಊರಿನ ಪಕ್ಕದ ಗುಡ್ಡಕ್ಕೆ ಸೇರಿದ ಒಂದು ಬಂಡೆ ಇದೆ. ಅದು ನಡೆಯುವುದಿಲ್ಲ. ಆ ಬಂಡೆಯಿಂದ ನೀಲವ್ವನ ಜಗಲಿಯ ಕಂಬಕ್ಕೆ ಒಂದು ಹತ್ತಿ ನೂಲನ್ನು ಬಿಗಿಯಾಗಿ ಕಟ್ಟಿದೆ. ಹಿಂದೆಲ್ಲ ಹಾಗೆ ಕಟ್ಟಿದ ನೂಲು ಎಂಟು ದಿನ ದಾಟಿದ್ದೇ ಇಲ್ಲ, ಮನೆ ದೂರ ಸರಿದು ಕಡಿದುಹೋಗುತ್ತಿತ್ತು. ಈ ಸಲ ತಿಂಗಳಾದರೂ ಕಡಿಯಲಿಲ್ಲ.

"ನಿಂತಿದೆ ನೀಲಾ," ಅಂದೆ.

ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಗಂಡ ತೀರಿಕೊಂಡ ಮೇಲೆ ಮಗ ಮಾನಪ್ಪನನ್ನು ಆ ಮನೆಯಲ್ಲೇ ಬೆಳೆಸಿದವಳು. ಮಾನಪ್ಪ ನನ್ನ ಜೊತೆಗೇ ಮರಗೆಲಸ ಮಾಡುತ್ತಿದ್ದ. ಅವನ ಹೆಂಡತಿ ಶರಣಮ್ಮ ತುಂಬಿದ ಬಸುರಿ. ಅಂಥದ್ದರಲ್ಲಿ ಮನೆ ಬಿಚ್ಚಿ ಹೊರುವುದು ಹೇಗೆ ಅನ್ನುವುದೇ ಅವರಿಗೆ ಚಿಂತೆಯಾಗಿತ್ತು.

ಸುದ್ದಿ ಸಂಜೆಯೊಳಗೆ ಏಳೂ ಸಾಲಿಗೆ ಹಬ್ಬಿತು. ಏಳನೇ ಸಾಲಿನ ಯಜಮಾನ ಬೊಮ್ಮಣ್ಣ ನನ್ನನ್ನು ಕರೆಸಿ, ಎಲ್ಲರ ಮುಂದೆ ಇನ್ನೊಮ್ಮೆ ಹೇಳಿಸಿದ. ಈ ವರ್ಷ ಹೊರುವುದಿಲ್ಲ ಅಂತ ಅಲ್ಲೇ ತೀರ್ಮಾನವಾಯಿತು. ಮಾರನೇ ವಾರ ಬೊಮ್ಮಣ್ಣ ಪೇಟೆಯಿಂದ ಸಿಮೆಂಟು ತರಿಸಿ ಹೊಸಿಲು ಕಟ್ಟಿಸಿದ. ನಡುತೊಲೆಯ ಬೆಣೆ ಸವೆದಿದೆ, ಇನ್ನು ಬಿಚ್ಚುವ ಮಾತೇ ಇಲ್ಲವಲ್ಲ, ಮೊಳೆ ಹೊಡೆದುಬಿಡು ಆಚಾರಿ ಅಂದ. ಗೇಣುದ್ದದ ಆರು ಮೊಳೆಗಳನ್ನು ನಾನೇ ಹೊಡೆದೆ. ಊರಿಗೆ ಊರೇ ನಿಂತು ನೋಡಿತು. ಬೊಮ್ಮಣ್ಣನ ಹೆಂಡತಿ ಗೌರವ್ವ ಎಲ್ಲರಿಗೂ ಸಕ್ಕರೆ ಹಂಚಿದಳು.

ಅದೇ ಹೊತ್ತಿಗೆ ನಜ್ಮಾ ಅನ್ನುವ ಹೆಣ್ಣುಮಗಳು ನಮ್ಮೂರಿಗೆ ಬಂದು ಆರು ತಿಂಗಳಾಗಿತ್ತು. ಭೂಮಿಯ ವಿಷಯ ಓದಿದವಳು. ಯಾವುದೋ ದೂರದ ಸಂಸ್ಥೆ ಅವಳನ್ನು ಕಳಿಸಿತ್ತು. ಮೂರನೇ ಸಾಲಿನ ಶಾಲೆಯ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದಳು. ಪ್ರತಿ ಸಾಲಿನಲ್ಲಿ ಎರಡೆರಡು ಮನೆಯ ಮಾಡಿನ ಮೇಲೆ, ಕೋಣೆಯ ಮೂಲೆಯ ಹಾಗೆ ಮೂರು ತಗಡು ಜೋಡಿಸಿದ ಒಂದೊಂದು ಗೂಡನ್ನು ಕೂರಿಸಿದ್ದಳು. ಅವುಗಳ ಮರದ ಕಾಲು ಮಾಡಿಕೊಟ್ಟವನು ನಾನು.

"ಮೇಲೆ ಒಂದು ಉಪಗ್ರಹ ಹೋಗುತ್ತೆ ಆಚಾರ್ರೆ, ಹನ್ನೆರಡು ದಿನಕ್ಕೊಮ್ಮೆ, ಬೆಳಿಗ್ಗೆ ಆರೂ ಹತ್ತಕ್ಕೆ," ಅಂತ ಅವಳು ಬಿಡಿಸಿ ಹೇಳಿದ್ದಳು. "ಅದು ಕೆಳಕ್ಕೆ ರೇಡಾರ್ ಅಲೆ ಬಿಡುತ್ತೆ, ಈ ತಗಡು ಅದನ್ನ ವಾಪಸ್ ಕಳಿಸುತ್ತೆ. ಗುಡ್ಡದ ಎದುರು ನಿಂತು ಕೂಗಿದ ಹಾಗೆ. ಹೋದ ಸಲದ ಕೂಗಿಗೂ ಈ ಸಲದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿದರೆ, ಮನೆ ಒಂದು ಉಗುರಿನ ದಪ್ಪ ಸರಿದಿದ್ದರೂ ಗೊತ್ತಾಗುತ್ತೆ. ಮೋಡ ಇರಲಿ, ಕತ್ತಲಿರಲಿ, ಅದಕ್ಕೆ ಅಡ್ಡಿಯಿಲ್ಲ."

ಹೊಟ್ಟೆಪಾಡಿನ ವಿದ್ಯೆಗೆ ಪೈಪೋಟಿ ಬಂತಲ್ಲ ಅಂತ ನನಗೆ ಮೊದಲು ಇರುಸುಮುರುಸಾಗಿತ್ತು. ಆಮೇಲೆ ಅವಳ ಅಂಕಿಯೂ ನನ್ನ ಬಾಗಿಲುಗಳೂ ಒಂದೇ ಮಾತು ಹೇಳುವುದನ್ನು ಕಂಡು ಸ್ನೇಹವಾಯಿತು. ಹನ್ನೆರಡು ದಿನಕ್ಕೊಮ್ಮೆ ಅವಳ ಕೋಣೆಗೆ ಹೋಗಿ ಚಹಾ ಕುಡಿದು ಬರುತ್ತಿದ್ದೆ.

ಬೊಮ್ಮಣ್ಣನ ಮನೆಗೆ ಮೊಳೆ ಹೊಡೆದ ಹತ್ತನೇ ದಿನ ಅವಳೇ ಹೇಳಿಕಳಿಸಿದಳು. ಹೋದೆ. ಕಾಗದದ ಮೇಲೆ ಏಳು ಸಾಲಿನ ಲೆಕ್ಕ ಬರೆದಿಟ್ಟಿದ್ದಳು. ಒಂದು, ಎರಡು, ಮೂರನೇ ಸಾಲು ಹನ್ನೆರಡು ದಿನದಲ್ಲಿ ಇಪ್ಪತ್ತನಾಲ್ಕು ಮಿಲಿಮೀಟರ್ ನಡೆದಿದ್ದವು. ನಾಲ್ಕನೆಯದು ಇಪ್ಪತ್ತೆರಡು, ಐದನೆಯದು ಹದಿನೈದು, ಆರನೆಯದು ಆರು. ಏಳನೆಯದು ಸೊನ್ನೆ.

"ನಾನು ಹೇಳಿದ್ದೂ ಅದನ್ನೇ ಅಲ್ವಾ ಮೇಡಮ್ಮ," ಅಂದೆ.

"ಹೌದು. ಏಳನೆಯದು ನಿಂತಿದೆ. ಮೇಲಿನವು ನಿಂತಿಲ್ಲ." ಅವಳು ನನ್ನ ಮುಖ ನೋಡಿದಳು. "ಮೇಲಿಂದ ಬರ್ತಾ ಇರೋದೆಲ್ಲ ಎಲ್ಲಿಗೆ ಹೋಗ್ತಿದೆ, ಆಚಾರ್ರೆ?"

ಹಲಗೆಯ ಎರಡು ತುದಿಯನ್ನೂ ಗೋಡೆಗೆ ಒತ್ತಿ ಹಿಡಿದರೆ ಏನಾಗುತ್ತದೆ ಅಂತ ಬಡಗಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ನಡುವೆ ಉಬ್ಬುತ್ತೆ," ಅಂದೆ.

ಅವಳು ಇನ್ನೊಂದು ಕಾಗದ ಮುಂದೆ ಸರಿಸಿದಳು. ಆರನೇ ಸಾಲು ಅಷ್ಟೇ ದಿನದಲ್ಲಿ ಹದಿನೆಂಟು ಮಿಲಿಮೀಟರ್ ಮೇಲೆದ್ದಿತ್ತು. ಹಿಂದಿನ ಯಾವ ಲೆಕ್ಕದಲ್ಲೂ ಅದು ಹಾಗೆ ಎದ್ದಿರಲಿಲ್ಲ.

ಇಬ್ಬರೂ ಅಲ್ಲಿಗೇ ಹೋದೆವು. ಆರನೇ ಸಾಲಿನ ಓಣಿಯಲ್ಲಿ ಚರಂಡಿಗೆ ಮುಚ್ಚಿದ ಚಪ್ಪಡಿಗಳು ಒಂದಕ್ಕೊಂದು ಹಣೆ ಕೊಟ್ಟುಕೊಂಡು ಎದ್ದು ನಿಂತಿದ್ದವು. ಒಂದು ಕಡೆ ಚರಂಡಿಯ ನೀರು ಕಮರಿಯ ಕಡೆಗೆ ಹೋಗುವ ಬದಲು ಮೇಲಕ್ಕೆ, ಬಂದ ದಾರಿಗೇ ತಿರುಗಿ ಹರಿಯುತ್ತಿತ್ತು. ಒಬ್ಬ ಹೆಂಗಸು ಪೊರಕೆಯಿಂದ ಅದನ್ನು ಕೆಳಕ್ಕೆ ತಳ್ಳುತ್ತಿದ್ದಳು. "ನಾಲ್ಕು ದಿನದಿಂದ ಹಿಂಗೇ ಆಗಿದೆ ಆಚಾರ್ರೆ, ಯಾರಿಗೆ ಹೇಳೋದು," ಅಂದಳು.

ಅಂದೇ ಬೊಮ್ಮಣ್ಣನ ಮನೆಗೆ ಹೋದೆವು. ಅವನು ಕೆಟ್ಟವನಲ್ಲ. ಕೂರಿಸಿ ಮಜ್ಜಿಗೆ ಕೊಡಿಸಿ ಎಲ್ಲ ಕೇಳಿಸಿಕೊಂಡ.

"ನಿಂತಿದೆ ಅಂದೆ, ಸಂತೋಷಪಟ್ವಿ. ಈಗ ನಿಂತಿದ್ದೇ ಕೇಡು ಅಂತೀಯ," ಅಂದ. "ಯಾವತ್ತು ಬೀಳುತ್ತಮ್ಮ? ದಿನ ಹೇಳು."

ನಜ್ಮಾ ತಲೆ ತಗ್ಗಿಸಿದಳು. "ದಿನ ಹೇಳೋಕೆ ಆಗಲ್ಲ ಯಜಮಾನ್ರೆ. ಆಗಿಹೋದದ್ದನ್ನ ಉಪಗ್ರಹ ತೋರಿಸುತ್ತೆ, ಆಗೋದನ್ನ ತೋರಿಸಲ್ಲ. ಆದರೆ ಇಲ್ಲಿ ಇರೋದು ಬೇಡ."

"ದಿನ ಗೊತ್ತಿಲ್ಲ. ಆದರೆ ಹನ್ನೊಂದು ಮನೆಯವರು ಎದ್ದು ಬೀದೀಲಿ ಕೂರಬೇಕು."

"ನಮ್ಮ ಸಂಸ್ಥೆಯ ಮೇಲಿನವರಿಗೂ ಬರೆದಿದೀನಿ. ಇನ್ನೊಂದು ಸಲದ ಲೆಕ್ಕ ಬರಲಿ, ಆಮೇಲೆ ಅಧಿಕೃತವಾಗಿ ಎಚ್ಚರಿಕೆ ಕೊಡೋಣ ಅಂದಿದಾರೆ."

"ನಿಮ್ಮವರೇ ಕಾಯೋಣ ಅಂದಮೇಲೆ ನಾವೂ ಕಾಯೋಣ," ಅಂದ ಬೊಮ್ಮಣ್ಣ. ಅಲ್ಲಿಗೆ ಮಾತು ಮುಗಿಯಿತು.

ಆ ಹನ್ನೆರಡು ದಿನ ನಾನು ಹೇಗೆ ಕಳೆದೆನೋ ನನಗೇ ತಿಳಿಯದು. ಉಳಿ ಹಿಡಿದರೆ ಗೆರೆ ತಪ್ಪುತ್ತಿತ್ತು. ತಂಗಿಯ ಮನೆಗೆ ದಿನಕ್ಕೆ ಮೂರು ಸಲ ಹೋಗುತ್ತಿದ್ದೆ. ಶರಣಮ್ಮನಿಗೆ ಹೆರಿಗೆಯಾಗಿ ಹೆಣ್ಣುಮಗು ಹುಟ್ಟಿತ್ತು. ನಮ್ಮ ಮನೆಗೆ ಬನ್ನಿ, ನಾಲ್ಕನೇ ಸಾಲಲ್ಲಿ ಜಾಗ ಇದೆ ಅಂದರೆ ನೀಲವ್ವ ಒಪ್ಪಲಿಲ್ಲ. "ಹಸೀ ಬಾಣಂತಿನ ಹೊಸಿಲು ದಾಟಿಸ್ತಾರಾ ಅಣ್ಣ? ನೀನೇ ಅಲ್ವಾ ನಿಂತಿದೆ ಅಂದದ್ದು? ನೀನು ಹೇಳಿದ ಮೇಲೇ ಅಲ್ವಾ ನಾವು ಉಳಿದದ್ದು?" ಅಂದಳು. ಮಾನಪ್ಪ ಕೂಡ ಅಮ್ಮನ ಕಡೆಗೇ ಇದ್ದ. ಆರನೇ ಸಾಲಿನ ಬಾವಿಯ ನೀರು ಬಗ್ಗಡವಾಯಿತು. ಆ ಸಾಲಿನ ಮನೆಗಳಲ್ಲಿ ಹಗಲುಹೊತ್ತಲ್ಲೇ ಬೆಣೆಗಳು ಕಿರ್ ಅನ್ನುವುದು ಓಣಿಯಲ್ಲಿ ಹೋಗುವವರಿಗೂ ಕೇಳುತ್ತಿತ್ತು. ಏಳನೇ ಸಾಲು ಮಾತ್ರ ಮೌನವಾಗಿತ್ತು. ಅಲ್ಲಿ ಒಂದು ತಟ್ಟೆಯೂ ಅಲುಗುತ್ತಿರಲಿಲ್ಲ.

ಹನ್ನೆರಡನೇ ದಿನದ ಲೆಕ್ಕ ಬಂತು. ಏಳನೇ ಸಾಲು ಮೂರು ಮಿಲಿಮೀಟರ್ ಸರಿದಿತ್ತು.

"ಮೂರೇ ಅಲ್ವಾ," ಅಂದೆ. ಧೈರ್ಯ ತಂದುಕೊಳ್ಳಲು ಅಂದದ್ದು.

"ಸೊನ್ನೆ ಇತ್ತು ಆಚಾರ್ರೆ. ಒತ್ತಡ ತಡೆದುಕೊಂಡಿದ್ದದ್ದು ಈಗ ಬಿಡ್ತಾ ಇದೆ." ಅವಳು ಮೇಲಿನವರಿಗೆ ಫೋನ್ ಮಾಡಿದಳು. ಅವರು ಸಭೆ ಕರೆಯುತ್ತೇವೆ ಅಂದರು. ಫೋನ್ ಇಟ್ಟವಳು ಯಾರ ಅಪ್ಪಣೆಗೂ ಕಾಯದೆ ನೇರ ಏಳನೇ ಸಾಲಿಗೆ ಹೋಗಿ, ಹನ್ನೊಂದು ಮನೆಯ ಬಾಗಿಲಿಗೂ ನಿಂತು, ಹೊರಡಿ ಅಂತ ಕೈಮುಗಿದು ಹೇಳಿದಳು. ಕೆಲವರು ಅತ್ತರು. ಕೆಲವರು ಬೈದರು. ಹೊರಟವರು ಯಾರೂ ಇಲ್ಲ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಆ ಸಾಲಿನ ಎರಡೂ ಮಾಡುಗಳಿಂದ ತಗಡಿನ ಗೂಡುಗಳನ್ನು ಇಳಿಸಿಬಿಟ್ಟಿದ್ದರು. ಬೊಮ್ಮಣ್ಣನೇ ಇಳಿಸಿದ್ದಂತೆ. ಇದು ಬಂದಾಗಿನಿಂದ ಮನೆಮನೆಯಲ್ಲಿ ಹೆಂಗಸರು ಅನ್ನ ಬಿಟ್ಟಿದ್ದಾರೆ, ಸಾಕು ಅಂದನಂತೆ.

"ಇನ್ನು ಆ ಸಾಲು ನನಗೆ ಕಾಣಲ್ಲ," ಅಂದಳು ನಜ್ಮಾ.

ಅವಳಿಗೆ ಕಾಣದಿದ್ದರೆ ನಾನು ನೋಡಬೇಕಲ್ಲ. ಬಂಡೆಗೆ ಹೊಸ ನೂಲು ಕಟ್ಟಿದೆ. ಈ ಸಲ ನೀಲವ್ವನ ಕಂಬಕ್ಕೆ ಕಟ್ಟಿದರೆ ಅವಳು ಗಾಬರಿಯಾದಾಳು ಅಂತ ಸಾಲಿನ ಕೊನೆಯ ಬೇಲಿಗೂಟಕ್ಕೆ ಕಟ್ಟಿದೆ. ಬಂಡೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕೂತೆ. ಎರಡು ದಿನ ಅದು ಹಾಗೇ ಇತ್ತು. ಮೂರನೇ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಮಾನಪ್ಪ ತಂದುಕೊಟ್ಟ ರೊಟ್ಟಿ ತಿನ್ನುತ್ತಿದ್ದಾಗ ಟಪ್ ಅಂತ ಸಣ್ಣ ಸದ್ದಾಯಿತು. ನೂಲು ಕಡಿದು ಹುಲ್ಲಿನ ಮೇಲೆ ಬಿದ್ದಿತ್ತು.

ಕೈ ತೊಳೆಯದೆ ಇನ್ನೊಂದು ಕಟ್ಟಿದೆ. ಗಾಳಿಗೆ ಕಡಿದಿರಬಹುದು ಅಂತ ಮಾನಪ್ಪನಿಗೆ ಹೇಳುತ್ತಿದ್ದೆ, ಗಾಳಿ ಇರಲಿಲ್ಲ ಅಂತ ನನಗೇ ಗೊತ್ತಿತ್ತು. ಅರ್ಧ ಗಂಟೆಗೆ ಎರಡನೆಯದೂ ಕಡಿಯಿತು. ಮೂರನೆಯದನ್ನು ಕಟ್ಟಿ ಅದರ ಮೇಲೆ ಬೆರಳಿಟ್ಟುಕೊಂಡು ಕೂತೆ. ವೀಣೆಯ ತಂತಿ ಬಿಗಿಯುವ ಹಾಗೆ ಅದು ಬೆರಳಿನ ಕೆಳಗೆ ಬಿಗಿಯುತ್ತಾ ಹೋಯಿತು. ಎಂಟು ದಿನ ಬೇಕಾಗಿದ್ದದ್ದು ಒಂದು ಬೀಡಿ ಸೇದುವಷ್ಟು ಹೊತ್ತಿನಲ್ಲಿ ಮುಗಿಯಿತು. ಮಾನಪ್ಪ ನನ್ನ ಪಕ್ಕದಲ್ಲೇ ನಿಂತು ನೋಡಿದ.

"ಮಾವ, ಮಗು," ಅಂದ.

ಇಬ್ಬರೂ ಓಡಿದೆವು. ನೀಲವ್ವ ಬಾಣಂತಿಗೆ ನೀರು ಕಾಯಿಸುತ್ತಿದ್ದಳು. ಹೊರಡು ಅಂದರೆ ಅವಳದು ಹಳೇ ಮಾತೇ. ವಾದ ಮಾಡಲು ಹೊತ್ತಿರಲಿಲ್ಲ. ನಾನು ಏಣಿ ಹಾಕಿ ಹತ್ತಿದೆ, ಕೊಡತಿ ಎತ್ತಿ ನಡುತೊಲೆಯ ಬೆಣೆಗೆ ಎರಡೇಟು ಹೊಡೆದೆ. ಬೆಣೆ ಸಡಿಲವಾಗಿ ಅವಳ ಕಾಲ ಬಳಿ ಬಿತ್ತು.

ನೀಲವ್ವ ಅದನ್ನು ನೋಡಿದಳು. ಒಲೆಯ ಕೊಳ್ಳಿಯನ್ನು ಹೊರಗೆಳೆದು ನೀರು ಹಾಕಿದಳು. ಮಗುವನ್ನು ಎದೆಗವಚಿಕೊಂಡು, ಶರಣಮ್ಮನ ಕೈಹಿಡಿದು ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ.

ಹಾಗೇ ಮುಂದಿನ ಮನೆ. ಆಮೇಲೆ ಅದರಾಚೆಯದು. ಮಾನಪ್ಪ ಏಣಿ ಹಿಡಿದ, ನಾನು ಬೆಣೆ ಕಿತ್ತೆ. ಒಬ್ಬಾಕೆ ನನ್ನ ಬೆನ್ನಿಗೆ ತಟ್ಟೆ ಎಸೆದಳು. ಒಬ್ಬ ಮುದುಕ ನಿನ್ನ ಕೈ ಸೇದಿಹೋಗಲಿ ಅಂದ. ಬೈಯುತ್ತಲೇ ಎದ್ದರು, ಅಳುತ್ತಲೇ ಒಲೆ ಆರಿಸಿದರು. ಬೆಣೆ ಕಿತ್ತ ಮನೆಯಲ್ಲಿ ಕೂರುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಆರನೇ ಸಾಲಿನವರನ್ನು ನಜ್ಮಾ ಎಬ್ಬಿಸಿದಳು. ಅವರ ಓಣಿ ನಡುವೆ ಬಿರಿದು ಕೈ ತೂರುವಷ್ಟಾಗಿತ್ತು, ಅವರಿಗೆ ಹೇಳಬೇಕಾದ್ದೇ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಯೊಳಗೆ ಏಳನೇ ಸಾಲಿನ ಹತ್ತು ಮನೆ ಖಾಲಿಯಾದವು.

ಉಳಿದದ್ದು ಬೊಮ್ಮಣ್ಣನ ಮನೆ. ಅವನು ಜಗಲಿಯ ಮೇಲೆ ಕೂತಿದ್ದ.

"ಎಲ್ಲರದ್ದೂ ಕಿತ್ತೆಯಂತೆ," ಅಂದ. "ನಂದು ಕೀಳು ನೋಡೋಣ."

ನಾನು ಹತ್ತಿದೆ. ಆರು ಮೊಳೆಯ ತಲೆಯೂ ಮರದೊಳಗೆ ಹೂತುಹೋಗಿದ್ದವು. ಅಷ್ಟು ಚೆನ್ನಾಗಿ ಹೊಡೆದಿದ್ದೆ. ಉಳಿಯಿಂದ ಸುತ್ತ ಕೆತ್ತಲು ಹೋದೆ, ಕೈ ಬೆವೆತು ಉಳಿ ಜಾರಿತು. ಮೇಲಿಂದಲೇ ಅಂದೆ: "ಬೊಮ್ಮಣ್ಣ, ಅವತ್ತು ನಾನು ಹೇಳಿದ್ದು ತಪ್ಪು. ನಿಮ್ಮ ಕಾಲಿಗೆ ಬೀಳ್ತೀನಿ, ಎದ್ದು ಬನ್ನಿ."

"ಊರಿನವರು ಇನ್ನು ನಿನ್ನ ಯಾವ ಮಾತು ನಂಬಬೇಕು, ಆಚಾರಿ?" ಅಂದ. ಅವನ ದನಿಯಲ್ಲಿ ಕೋಪ ಇರಲಿಲ್ಲ. "ಇಳಿ. ನೀನು ಹೋಗು."

ಗೌರವ್ವ ಒಳಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ನೀಲವ್ವ ಯಾವಾಗ ಹಿಂದೆ ಬಂದಳೋ, ಅವಳು ಸೀದಾ ಒಳಗೆ ಹೋಗಿ ಗೌರವ್ವನ ಮುಂಗೈ ಹಿಡಿದು ಎಳೆದುಕೊಂಡು ಹೊರಟೇಬಿಟ್ಟಳು. ಮಾನಪ್ಪ ಬೊಮ್ಮಣ್ಣನ ರಟ್ಟೆಗೆ ಕೈ ಹಾಕಿದ. ಬೊಮ್ಮಣ್ಣ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಅಷ್ಟರಲ್ಲಿ ಮೇಲಿನ ಸಾಲಿನಿಂದ, ಒಣಗಿದ ಅವರೆಕಾಯಿ ಸಿಡಿಯುವ ಹಾಗೆ, ಬೆಣೆಗಳು ಒಂದಾದ ಮೇಲೊಂದು ಹಾರತೊಡಗಿದವು. ನಾನು ಏಣಿಯಿಂದ ಇಳಿದು ಮಾನಪ್ಪನ ಅಂಗಿ ಹಿಡಿದು ಎಳೆದೆ. ಅದು ನಾನು ಮಾಡಿದ ಆಯ್ಕೆ. ಇವತ್ತಿಗೂ ಅದಕ್ಕೆ ಹೆದರುತ್ತೇನೆ.

ಐದನೇ ಸಾಲಿನ ಮೆಟ್ಟಿಲು ಹತ್ತಿ ತಿರುಗಿದೆವು. ಆರನೇ ಸಾಲು ಒಮ್ಮೆ ಮೇಲೆದ್ದು, ಹಾಸಿಗೆಯ ಮೇಲೆ ಯಾರಾದರೂ ಕೂತಾಗ ಹಾಸಿಗೆ ಕುಸಿಯುವಂತೆ ಕುಸಿಯಿತು. ಏಳನೇ ಸಾಲು ಮುಂದಕ್ಕೆ ಬಾಗಿತು. ಹನ್ನೊಂದು ಮಾಡುಗಳೂ ಒಟ್ಟಿಗೆ, ಸಾಲು ತಪ್ಪದೆ ಹೋದವು. ಒಂದು ಗಳಿಗೆ ಏನೂ ಕೇಳಲಿಲ್ಲ. ಆಮೇಲೆ ಕಮರಿಯೊಳಗಿಂದ ಸದ್ದು ಬಂತು, ಅದರ ಹಿಂದೆ ಕೆಂಪು ಧೂಳು. ಧೂಳು ಇಳಿಯಲು ಸಂಜೆಯಾಯಿತು. ಹೊಳೆಯ ಸದ್ದು ಎರಡು ದಿನ ನಿಂತಿತ್ತು.

ಎಲ್ಲರನ್ನೂ ಶಾಲೆಯಲ್ಲಿ ಇಟ್ಟೆವು. ಎಣಿಸಿ ನೋಡಿದರೆ ಒಬ್ಬನೇ ಕಮ್ಮಿ. ಸಂಸ್ಥೆಯವರು ಬಂದು ಫೋಟೋ ತೆಗೆದುಕೊಂಡು ಹೋದರು, ನಜ್ಮಾ ಹೋಗಲಿಲ್ಲ. ಮುಂದಿನ ಲೆಕ್ಕ ಬಂದಾಗ ಉಳಿದ ಐದು ಸಾಲೂ ಮೂವತ್ತೊಂದು ಮಿಲಿಮೀಟರ್ ನಡೆದಿದ್ದವು. ಇಪ್ಪತ್ತನಾಲ್ಕಕ್ಕಿಂತ ಜಾಸ್ತಿ. "ಈ ವೇಗ ಇಳಿಯಬಹುದು," ಅಂದಳು ನಜ್ಮಾ. ಮತ್ತೆ ಅವಳೇ, "ಇಳಿಯದೆಯೂ ಇರಬಹುದು," ಅಂದಳು. ಅವಳು ಸುಳ್ಳು ಹೇಳುವವಳಲ್ಲ.

ಊರ ನೆತ್ತಿಯಲ್ಲಿ ಹೊಸ ಮನೆಗಳ ಕೆಲಸ ಹಿಡಿದೆವು. ನೀಲವ್ವ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಹದಿನಾರನೇ ದಿನ ಮಗುವನ್ನು ತಂದು ನನ್ನ ತೊಡೆಯ ಮೇಲೆ ಹಾಕಿ, "ನೋಡ್ಕೋ, ನೀರು ತರ್ತೀನಿ," ಅಂತ ಹೋದಳು. ಗೌರವ್ವನಿಗೂ ತಂಗಿಯ ಪಕ್ಕದಲ್ಲೇ ಜಾಗ ಗುರುತು ಮಾಡಿದ್ದೆ. ಅವಳು ಬರಲಿಲ್ಲ. ಈಗ ಅಂಚಿನ ಸಾಲಾಗಿರುವ ಐದನೇ ಸಾಲಿನಲ್ಲಿ, ಜನ ಹೆದರಿ ಬಿಟ್ಟುಹೋದ ಒಂದು ಮನೆಯಲ್ಲಿ ಇರುತ್ತೇನೆ ಅಂದಳು. ಹೇಳಿ ನೋಡೋಣ ಅಂತ ಒಂದು ಬೆಳಿಗ್ಗೆ ನಾನೇ ಹೋದೆ. ಅವಳು ನಡುಮನೆಯಲ್ಲಿ ಚಾಪೆಯಿಲ್ಲದೆ ನೆಲದ ಮೇಲೆ ಕೂತಿದ್ದಳು.

"ಕಾಳಣ್ಣ, ಅವರು ಕೂಗಿದ್ದು ನಿನಗೆ ಕೇಳಿಸ್ತಾ?"

"ಇಲ್ಲ ಗೌರವ್ವ."

"ನನಗೂ ಇಲ್ಲ. ತಗಡು ಇಳಿಸಿದ ದಿನದಿಂದ ಅವರು ಕಣ್ಣು ಮುಚ್ಚಿದ್ದು ನಾನು ನೋಡಲಿಲ್ಲ. ಹೊತ್ತಿಲ್ಲ ಗೊತ್ತಿಲ್ಲ, ನೆಲಕ್ಕೆ ಕಿವಿ ಇಟ್ಟು ಮಲಗೋರು. ಏನು ಅಂದ್ರೆ, ಇರುವೆ ಎಲ್ಲಿಂದ ಬರ್ತಿವೆ ನೋಡ್ತಿದೀನಿ ಅನ್ನೋರು."

"ಅಷ್ಟು ಹೆದರಿಕೆ ಇದ್ದರೆ ಎದ್ದು ಬರಬಹುದಿತ್ತಲ್ಲವ್ವ."

"ಹತ್ತು ಮನೆಗೆ ಇರಿ ಅಂದಿದ್ದರಲ್ಲ. ನೀನು ಹೇಳಿದ್ದನ್ನ ನೀನು ವಾಪಸ್ ತಗೊಂಡೆ. ಅವರಿಗೆ ಅದು ಬರ್ತಿರಲಿಲ್ಲ, ನನ್ನ ಮದುವೆ ಮಾಡಿಕೊಂಡಾಗಿನಿಂದಲೂ." ಅವಳು ಪಕ್ಕಕ್ಕೆ ಸರಿದು ನೆಲವನ್ನು ಅಂಗೈಯಿಂದ ಒರೆಸಿದಳು. "ನಾನೂ ದಿನಾ ಕೇಳ್ತೀನಿ. ನನಗೆ ಗೊತ್ತಾಗಲ್ಲ, ನಾನು ಬಡಗಿಯಲ್ಲ. ನೀನು ಒಂಚೂರು ಕೇಳಿ ಹೇಳು. ಪಕ್ಕದ ಮನೇಲಿ ಸಣ್ಣ ಮಕ್ಕಳಿದಾವೆ."

ಅವಳು ತೋರಿಸಿದ ಜಾಗದಲ್ಲಿ ಮಲಗಿ ಕಿವಿ ಇಟ್ಟೆ. ನೆಲ ತಣ್ಣಗಿತ್ತು. ನನ್ನ ಎದೆ ಹೊಡೆದುಕೊಳ್ಳುವುದು ಕೇಳುತ್ತಿತ್ತು, ಅದರ ಕೆಳಗೆ ಇನ್ನೇನಾದರೂ ಇದೆಯೋ ಅಂತ ಉಸಿರು ಹಿಡಿದೆ. ಏನೂ ಇರಲಿಲ್ಲ. ಇದ್ದಿದ್ದರೂ ಇರಬಹುದು. ಏನೂ ಇಲ್ಲ ಅಂತ ಹೇಳಲು ಹೊರಟೆ. ಗೌರವ್ವ ನನ್ನ ಬಾಯನ್ನೇ ನೋಡುತ್ತಾ ಕೂತಿದ್ದಳು.

"ಇನ್ನೂ ಸ್ವಲ್ಪ ಹೊತ್ತು ಕೇಳ್ತೀನಿ ತಾಯಿ," ಅಂದೆ.